ಬಂದೂಕು ಸುಮ್ಮನಾದರೆ ಶಾಂತಿ ಬಂದಂತೆಯೇ?

ಕಠ್ಮಂಡುವಿನ ಸಿಂಹ ದರ್ಬಾರ್ ಹೊತ್ತಿ ಉರಿಯುತ್ತಿದ್ದ ವಿಡಿಯೊ 2025ರ ಸೆಪ್ಟೆಂಬರ್‌ನಲ್ಲಿ ನನ್ನ ವಯಸ್ಸಿನವರ ಮೊಬೈಲ್‌ಗಳಲ್ಲಿ ಎರಡು ಬಗೆಯ ಒಕ್ಕಣೆಯೊಂದಿಗೆ ಓಡಾಡಿತು. ‘ಯುವಕರು ಮನಸ್ಸು ಮಾಡಿದರೆ ಎರಡೇ ದಿನದಲ್ಲಿ ಸರ್ಕಾರ ಉರುಳುತ್ತದೆ, ನೋಡಿ’ ಎಂದು ಕೆಲವರು ಬರೆದರು. ‘ಗಟ್ಟಿ ನಾಯಕನಿಲ್ಲದ ದೇಶದ ಗತಿ ಇದೇ, ನೋಡಿ’ ಎಂದು ಇನ್ನು ಕೆಲವರು. ಒಂದೇ ಬೆಂಕಿಯಲ್ಲಿ ಒಬ್ಬರಿಗೆ ಕ್ರಾಂತಿ ಕಂಡಿತು, ಇನ್ನೊಬ್ಬರಿಗೆ ಅರಾಜಕತೆ ಕಂಡಿತು. ಆ ದೇಶ ಹತ್ತು ವರ್ಷಗಳ ಅಂತರ್ಯುದ್ಧದಿಂದ ಹೊರಬಂದು ಆಗಿನ್ನೂ ಎರಡು ದಶಕ ತುಂಬಿರಲಿಲ್ಲ ಎಂಬ ಸಂಗತಿಯನ್ನು ಮಾತ್ರ ಈ ಎರಡೂ ಗುಂಪಿನವರು ನೆನೆಯಲಿಲ್ಲ.

ರಾಜ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿಯಾಗಿ ನನಗೆ ಅನ್ನಿಸುವುದು ಇಷ್ಟು. ಶಾಂತಿ ಒಪ್ಪಂದ ಎಂಬುದಕ್ಕೆ ಎರಡು ಅರ್ಧಗಳಿರುತ್ತವೆ. ಹೋರಾಡುತ್ತಿದ್ದವರ ಕೈಯಿಂದ ಬಂದೂಕು ಕೆಳಗಿಡಿಸುವುದು ಮೊದಲ ಅರ್ಧ. ಕೊಂದವರು, ಕೊಲ್ಲಿಸಿದವರು ಕಾನೂನಿನ ಮುಂದೆ ಉತ್ತರ ಹೇಳುವಂತೆ ಮಾಡುವುದು ಎರಡನೆಯ ಅರ್ಧ. ನೇಪಾಳ ಮೊದಲನೆಯದನ್ನು ಜಗತ್ತೇ ಮೆಚ್ಚುವಂತೆ ಮುಗಿಸಿತು. ಎರಡನೆಯದನ್ನು ಮುಂದೂಡುತ್ತಲೇ ಬಂದಿತು. ಹಾಗೆ ಮುಂದೂಡಿದ್ದರ ಸಾಲ ತೀರಿಸಿದವರು ಯುದ್ಧವನ್ನೇ ಕಾಣದ ಮಕ್ಕಳು.

ಮೊದಲು ಗೆದ್ದ ಅರ್ಧವನ್ನು ನೋಡೋಣ. 1996ರ ಫೆಬ್ರುವರಿ 13ರಂದು ರೋಲ್ಪಾ, ರುಕುಂನಂಥ ಬೆಟ್ಟದ ಜಿಲ್ಲೆಗಳಲ್ಲಿ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸುವ ಮೂಲಕ ಮಾವೋವಾದಿಗಳು ‘ಜನಯುದ್ಧ’ ಆರಂಭಿಸಿದರು. 2001ರಲ್ಲಿ ಸೇನೆಯೂ ಕಣಕ್ಕಿಳಿಯಿತು. ದೊರೆ ಜ್ಞಾನೇಂದ್ರ 2005ರ ಫೆಬ್ರುವರಿ 1ರಂದು ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. 2006ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದಾಗ ಅದನ್ನು ಬಿಟ್ಟುಕೊಡಬೇಕಾಯಿತು. ಅದೇ ವರ್ಷದ ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಸುಮಾರು 17,000 ಜನ ಸತ್ತಿದ್ದರು. 1,300ಕ್ಕೂ ಹೆಚ್ಚು ಮಂದಿ ಏನಾದರು ಎಂಬುದು ಅವರ ಮನೆಯವರಿಗೆ ಇಂದಿಗೂ ತಿಳಿದಿಲ್ಲ.

ಒಂದೇ ದೇಶದಲ್ಲಿ ಎರಡು ಸೈನ್ಯಗಳಿದ್ದವು. ಅವುಗಳನ್ನು ಒಂದು ಮಾಡಿದ ಬಗೆ ಕುತೂಹಲಕಾರಿ. ಮಾವೋವಾದಿ ಹೋರಾಟಗಾರರನ್ನು ದೇಶದ ಏಳು ಕಡೆ ದೊಡ್ಡ ಶಿಬಿರಗಳಲ್ಲಿ ಇರಿಸಲಾಯಿತು. ಅವರ ಬಂದೂಕುಗಳನ್ನು ಕಂಟೈನರ್‌ಗಳಲ್ಲಿಟ್ಟು ಬೀಗ ಹಾಕಲಾಯಿತು. ಬೀಗದ ಕೈ ಮಾತ್ರ ಅವರ ಬಳಿಯೇ ಇತ್ತು! ಕಾವಲಿಗೆ ವಿಶ್ವಸಂಸ್ಥೆಯ ತಂಡವಿತ್ತು. ಸೋತವರಂತೆ ಶಸ್ತ್ರ ಒಪ್ಪಿಸಲು ಮಾವೋವಾದಿಗಳು ತಯಾರಿರಲಿಲ್ಲ, ಶಸ್ತ್ರ ಹಿಡಿದೇ ಚುನಾವಣೆಗೆ ಬರುವುದನ್ನು ಇತರ ಪಕ್ಷಗಳು ಒಪ್ಪುತ್ತಿರಲಿಲ್ಲ. ಇಬ್ಬರ ಮರ್ಯಾದೆಯನ್ನೂ ಉಳಿಸಿದ ಉಪಾಯ ಅದು. ವಿಶ್ವಸಂಸ್ಥೆಯ ಪರಿಶೀಲನೆಯಲ್ಲಿ 19,602 ಹೋರಾಟಗಾರರು ಅರ್ಹರೆಂದು ಗುರುತಿಸಲ್ಪಟ್ಟರು. ಸುಮಾರು 3,000 ಅಪ್ರಾಪ್ತರನ್ನು ಬೇರ್ಪಡಿಸಿ ಹೊರಗೆ ಕಳುಹಿಸಲಾಯಿತು. ಕೊನೆಗೆ ಸುಮಾರು 1,400 ಜನ ನೇಪಾಳಿ ಸೇನೆ ಸೇರಿದರು. ಬಹುಪಾಲು ಮಂದಿ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಪಡೆದು ಮನೆಯ ಹಾದಿ ಹಿಡಿದರು. ಆರು ವರ್ಷ ಹಿಡಿದರೂ ಕೆಲಸ ಮುಗಿಯಿತು. ಒಪ್ಪಂದ ಮುರಿದು ದೊಡ್ಡ ಮಟ್ಟದಲ್ಲಿ ಯಾರೂ ಕಾಡಿಗೆ ಮರಳಲಿಲ್ಲ. ಒಡೆದುಹೋದ ‘ವಿಪ್ಲವ್’ ಬಣ ಕೂಡ 2021ರಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಬಹಿರಂಗ ರಾಜಕೀಯಕ್ಕೆ ಬಂದಿತು.

2015ರ ಸೆಪ್ಟೆಂಬರ್ 20ರಂದು ಹೊಸ ಸಂವಿಧಾನವೂ ಜಾರಿಗೆ ಬಂದಿತು. ಎರಡು ದಶಕಗಳಿಂದ ಸ್ಥಳೀಯ ಚುನಾವಣೆಯನ್ನೇ ಕಾಣದಿದ್ದ ದೇಶದಲ್ಲಿ 2017ರಲ್ಲಿ 753 ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಪ್ರತಿ ವಾರ್ಡಿನಲ್ಲೂ ಒಬ್ಬ ದಲಿತ ಮಹಿಳೆ ಗೆಲ್ಲಲೇಬೇಕೆಂಬ ನಿಯಮದಿಂದಾಗಿ ಆರು ಸಾವಿರಕ್ಕೂ ಹೆಚ್ಚು ದಲಿತ ಹೆಣ್ಣುಮಕ್ಕಳು ಒಂದೇ ಚುನಾವಣೆಯಲ್ಲಿ ಅಧಿಕಾರದ ಮೆಟ್ಟಿಲು ಹತ್ತಿದರು. ‘ನೇಪಾಳ ಒಂದು ವಿಫಲ ದೇಶ’ ಎಂದು ಮೂಗು ಮುರಿಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಎಡವಿದ್ದು ಎಲ್ಲಿ? ‘ಸರ್ಕಾರಗಳು ನಿಲ್ಲುವುದಿಲ್ಲ, ಅದೇ ರೋಗ’ ಎನ್ನುವವರಿದ್ದಾರೆ. ನಿಜ, ರಾಜಪ್ರಭುತ್ವ ಕೊನೆಗೊಂಡ 2008ರಿಂದ ಅಲ್ಲಿ ಹದಿಮೂರಕ್ಕೆ ಕಡಿಮೆಯಿಲ್ಲದಂತೆ ಸರ್ಕಾರಗಳು ಬದಲಾಗಿವೆ. ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಿಲ್ಲ. ಆದರೆ ಕುರ್ಚಿ ಗಟ್ಟಿಯಾದರೆ ದೇಶ ಗಟ್ಟಿಯಾಗುತ್ತದೆ ಎನ್ನುವ ವಾದವನ್ನು ನೇಪಾಳವೇ ಎರಡು ಸಲ ಪರೀಕ್ಷೆಗೆ ಒಡ್ಡಿ ನೋಡಿದೆ. ದೊರೆಯ ಏಕಾಧಿಪತ್ಯ ಹದಿನಾಲ್ಕು ತಿಂಗಳು ಬಾಳಿತು, ಯುದ್ಧವನ್ನು ನಿಲ್ಲಿಸಲಿಲ್ಲ. 2018ರಲ್ಲಿ ಕೆ.ಪಿ. ಶರ್ಮಾ ಓಲಿ ಸರ್ಕಾರಕ್ಕೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟರ ಆಸುಪಾಸಿನ ಬಲವಿತ್ತು. ಪಕ್ಷದೊಳಗಿನ ಜಗಳಕ್ಕೆ ಅವರು 2020ರ ಡಿಸೆಂಬರ್‌ನಲ್ಲಿ ಸಂಸತ್ತನ್ನೇ ವಿಸರ್ಜಿಸಿದರು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತಗೊಳಿಸಿತು. 2021ರ ಮೇ ತಿಂಗಳಲ್ಲಿ ಮತ್ತೆ ವಿಸರ್ಜನೆ, ಜುಲೈನಲ್ಲಿ ಮತ್ತೆ ಕೋರ್ಟಿನ ಆದೇಶ. ಆ ಬಳಿಕ ಓಲಿ, ಪ್ರಚಂಡ, ಶೇರ್ ಬಹಾದ್ದೂರ್ ದೇವುಬಾ ಈ ಮೂವರ ನಡುವೆಯೇ ಕುರ್ಚಿ ಸುತ್ತುತ್ತಿತ್ತು. ಹಾಗೆ ನೋಡಿದರೆ ಅಲ್ಲಿ ಸರ್ಕಾರಗಳು ಬದಲಾಗುತ್ತಿದ್ದವೇ ಹೊರತು ಆಳುವವರು ಬದಲಾಗುತ್ತಿರಲಿಲ್ಲ.

ನನ್ನ ಪ್ರಕಾರ ರೋಗದ ಬೇರು ಇನ್ನೂ ಆಳದಲ್ಲಿದೆ. ಅದು ಕಪಾಟಿನಲ್ಲಿ ಕುಳಿತ ವರದಿಗಳಲ್ಲಿದೆ.

1990ರಲ್ಲಿ ಪಂಚಾಯತ್ ಆಡಳಿತದ ವಿರುದ್ಧ ಜನಾಂದೋಲನ ನಡೆದಾಗ ಗುಂಡು ಹಾರಿಸಿ ಜನರನ್ನು ಕೊಲ್ಲಲಾಯಿತು. ತನಿಖೆಗೆ ಮಲ್ಲಿಕ್ ಆಯೋಗ ಬಂತು, ವರದಿ ಕೊಟ್ಟಿತು. ಶಿಕ್ಷೆ ಯಾರಿಗೂ ಆಗಲಿಲ್ಲ. 2006ರ ಎರಡನೇ ಜನಾಂದೋಲನದ ಹೊತ್ತಿಗೂ ಗುಂಡು ಹಾರಿತು. ರಾಯಮಾಝಿ ಆಯೋಗ ಬಂತು, ಯಾರ ಮೇಲೆ ಕ್ರಮ ಆಗಬೇಕೆಂದು ಹೆಸರಿಸಿಯೇ ಹೇಳಿತು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. 2015ರಲ್ಲಿ ಹೊಸ ಸಂವಿಧಾನದಲ್ಲಿ ತಮಗೆ ಅನ್ಯಾಯವಾಗಿದೆ ಎಂದು ತರಾಯಿ ಬಯಲಿನ ಮಧೇಸಿ, ಥಾರು ಸಮುದಾಯಗಳು ಪ್ರತಿಭಟಿಸಿದಾಗ ಪೊಲೀಸರೂ ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಗಿರೀಶ್ ಚಂದ್ರ ಲಾಲ್ ಅವರ ಆಯೋಗ ಬಂತು. ಆ ವರದಿಯನ್ನಂತೂ ವರ್ಷಗಟ್ಟಲೆ ಬೀಗದೊಳಗೇ ಇಡಲಾಯಿತು. ಮೂರು ಹೋರಾಟ, ಮೂರು ಆಯೋಗ, ಒಂದೇ ಫಲಿತಾಂಶ.

ಯುದ್ಧಕಾಲದ ಅಪರಾಧಗಳ ಕತೆಯೂ ಬೇರೆಯಲ್ಲ. ಸತ್ಯಶೋಧನೆಗೆ ಒಂದು, ಕಣ್ಮರೆಯಾದವರ ಹುಡುಕಾಟಕ್ಕೆ ಒಂದು, ಹೀಗೆ ಎರಡು ಆಯೋಗಗಳು ರಚನೆಯಾಗಲು ಒಪ್ಪಂದವಾಗಿ ಎಂಟು ವರ್ಷ ಬೇಕಾಯಿತು. 2015ರಲ್ಲಿ ಅವು ಬಂದಾಗ ಸತ್ಯಶೋಧನಾ ಆಯೋಗವೊಂದಕ್ಕೇ 60,000ಕ್ಕೂ ಹೆಚ್ಚು ದೂರುಗಳು ಬಂದವು. ಎಷ್ಟೋ ಹಳ್ಳಿಗರು ಅಂಜುತ್ತಲೇ ಬರೆದುಕೊಟ್ಟ ದೂರುಗಳವು. ಕ್ಷಮಾದಾನಕ್ಕೆ ದಾರಿ ಮಾಡಿಕೊಡುವ ಅಂಶಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ತಳ್ಳಿಹಾಕಿತು. ಕಾನೂನಿಗೆ ತಿದ್ದುಪಡಿ ಆಗಲು 2024ರ ಆಗಸ್ಟ್ ಬರಬೇಕಾಯಿತು. ನಡುವೆ ಆಯೋಗಗಳ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಮಗನ ಕೊಲೆಗೆ ನ್ಯಾಯ ಬೇಕೆಂದು ಗೋರ್ಖಾ ಜಿಲ್ಲೆಯ ದಂಪತಿ ಕಠ್ಮಂಡುವಿನ ಆಸ್ಪತ್ರೆಯಲ್ಲೇ ತಿಂಗಳುಗಟ್ಟಲೆ ಉಪವಾಸ ಕುಳಿತರು. ತಂದೆ 2014ರ ಸೆಪ್ಟೆಂಬರ್‌ನಲ್ಲಿ ಉಪವಾಸದಲ್ಲೇ ಪ್ರಾಣ ಬಿಟ್ಟರು. ಆ ಕೊಲೆಯ ಆರೋಪ ಮಾವೋವಾದಿಗಳ ಮೇಲಿತ್ತು. ಇನ್ನೊಂದು ಪ್ರಕರಣದಲ್ಲಿ, 2004ರಲ್ಲಿ ಸೇನೆಯ ವಶದಲ್ಲಿ ಚಿತ್ರಹಿಂಸೆಯಿಂದ ಸತ್ತ 15 ವರ್ಷದ ಹುಡುಗಿಯ ಕೊಲೆಗಾಗಿ 2017ರಲ್ಲಿ ಜಿಲ್ಲಾ ನ್ಯಾಯಾಲಯ ಮೂವರು ಅಧಿಕಾರಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ವಿಚಾರಣೆಗೆ ಅವರು ಬಂದೇ ಇರಲಿಲ್ಲ, ಜೈಲಿಗೂ ಹೋಗಲಿಲ್ಲ.

ಎರಡೂ ಕಡೆಯವರ ಕೈಗೆ ರಕ್ತ ಅಂಟಿದ್ದರಿಂದ ಎರಡೂ ಕಡೆಯವರಿಗೆ ತನಿಖೆ ಬೇಡವಾಗಿತ್ತು. ‘ಹಳೆಯ ಗಾಯ ಕೆದಕಿದರೆ ಶಾಂತಿ ಕದಡುತ್ತದೆ’ ಎಂಬ ಮಾತು ಇಬ್ಬರಿಗೂ ಅನುಕೂಲವಾಗಿತ್ತು. ಇದು ಪೂರ್ತಿ ಸುಳ್ಳೇನೂ ಅಲ್ಲ. 2006ರಲ್ಲೇ ಎಲ್ಲರನ್ನೂ ಕಟಕಟೆಗೆ ಎಳೆದಿದ್ದರೆ ಯಾರೂ ಬಂದೂಕು ಕೆಳಗಿಡುತ್ತಿರಲಿಲ್ಲವೇನೋ. ಆದರೆ ಶಿಬಿರಗಳು ಮುಚ್ಚಿ, ಸೈನ್ಯ ಒಂದಾಗಿ, ಸಂವಿಧಾನ ಬಂದ ಮೇಲೂ ಅದೇ ನೆಪ ಹೇಳುವುದನ್ನು ಜಾಣತನ ಎನ್ನಲಾಗದು. ಅದು ಬೂದಿ ಮುಚ್ಚಿದ ಕೆಂಡದ ಮೇಲೆ ಚಾಪೆ ಹಾಸಿ ಮಲಗಿದ ಹಾಗೆ.

ಈ ಕೆಂಡದ ಬಿಸಿ ಬೆಂಗಳೂರಿನವರೆಗೂ ಇದೆ. ನಮ್ಮ ಬಡಾವಣೆಯ ಅಪಾರ್ಟ್‌ಮೆಂಟಿಗೆ ರಾತ್ರಿ ಕಾವಲಿರುವ ನೇಪಾಳದವರನ್ನು ಎಲ್ಲರೂ ‘ಬಹದ್ದೂರ್’ ಎಂದೇ ಕೂಗುತ್ತಾರೆ. ಅದು ಅವರ ಹೆಸರಲ್ಲ. ನಾನು ‘ಅಣ್ಣ’ ಎನ್ನುತ್ತೇನೆ. ಅವರ ಊರು ದೇಶದ ಪಶ್ಚಿಮ ತುದಿಯ ಅಛಾಮ್ ಜಿಲ್ಲೆ. 2002ರಲ್ಲಿ ಅಲ್ಲಿನ ಮಂಗಲ್‌ಸೇನ್ ಪಟ್ಟಣದ ಮೇಲೆ ನಡೆದ ಮಾವೋವಾದಿ ದಾಳಿಯಲ್ಲಿ ನೂರಕ್ಕೂ ಹೆಚ್ಚು ಪೊಲೀಸರು, ಸೈನಿಕರು ಸತ್ತಿದ್ದರು. ‘ಹಗಲು ಸೇನೆಯವರು ಬಂದು, ಅವರಿಗೆ ಊಟ ಹಾಕಿದ್ದು ಯಾರು ಅಂತ ಕೇಳೋರು. ರಾತ್ರಿ ಅವರು ಬಂದು, ಸೇನೆಗೆ ಸುದ್ದಿ ಕೊಟ್ಟಿದ್ದು ಯಾರು ಅಂತ ಕೇಳೋರು. ಮನೆಗೊಬ್ಬ ಹುಡುಗನ್ನ ಕೊಡಿ ಅಂದ್ರು. ನಮ್ಮಪ್ಪ ನನ್ನನ್ನ ರಾತ್ರೋರಾತ್ರಿ ಬಾಂಬೆ ಬಸ್ ಹತ್ತಿಸಿದ್ರು’ ಎಂದು ಒಮ್ಮೆ ಹೇಳಿದರು. ಆಗ ಅವರಿಗೆ ಹದಿನಾಲ್ಕು. ಯುದ್ಧ ಮುಗಿದ ಮೇಲೆ ಏಕೆ ಊರಿಗೆ ಮರಳಲಿಲ್ಲ ಎಂದು ಕೇಳಿದ್ದಕ್ಕೆ ನಕ್ಕರು: ‘ಬಂದೂಕು ಹೋಯ್ತು ಮೇಡಂ, ಕೆಲಸ ಬರಲಿಲ್ಲ.’

ಭದ್ರತೆಯ ಮಾತಾಡುವಾಗ ನಾವು ಮರೆಯುವುದು ಈ ಕೆಲಸವನ್ನೇ. ವಿದೇಶದಲ್ಲಿ ದುಡಿಯುವವರು ಕಳುಹಿಸುವ ಹಣ ನೇಪಾಳದ ಜಿಡಿಪಿಯ ಕಾಲು ಭಾಗಕ್ಕೂ ಹೆಚ್ಚು. ಕೊಲ್ಲಿ ದೇಶಗಳಿಗೆ, ಮಲೇಷ್ಯಾಗೆ ಹೊರಟ ಯುವಕರಿಂದ ಕಠ್ಮಂಡುವಿನ ವಿಮಾನ ನಿಲ್ದಾಣ ದಿನವೂ ತುಂಬಿರುತ್ತದೆ. 1950ರ ಒಪ್ಪಂದದಂತೆ ಭಾರತಕ್ಕೆ ಬರಲು ಅವರಿಗೆ ವೀಸಾ ಬೇಡ, ಹಾಗಾಗಿ ಇಲ್ಲಿಗೆ ಬಂದವರ ಲೆಕ್ಕ ಸರಿಯಾಗಿ ಸಿಗುವುದೂ ಇಲ್ಲ. ತಲೆಮಾರುಗಳಿಂದ ಬೆಟ್ಟದ ಹಳ್ಳಿಗಳಿಗೆ ಸಂಬಳ, ಪಿಂಚಣಿ ತಂದುಕೊಡುತ್ತಿದ್ದ ಭಾರತೀಯ ಸೇನೆಯ ಗೂರ್ಖಾ ನೇಮಕಾತಿಯೂ 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ನೇಪಾಳದಲ್ಲಿ ನಿಂತುಹೋಗಿದೆ. ಹೀಗೆ ಮನೆಮಠ ಬಿಟ್ಟು ದೇಶವನ್ನು ಸಾಕುತ್ತಿರುವವರಿಗೆ ಮತ ಹಾಕುವ ಅವಕಾಶವೇ ಇಲ್ಲ. ಹೊರಗಿರುವ ನಾಗರಿಕರಿಗೂ ಮತದಾನದ ವ್ಯವಸ್ಥೆ ಮಾಡಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅದಿನ್ನೂ ಜಾರಿಯಾಗಿಲ್ಲ. ತಮ್ಮನ್ನು ಎಂದೂ ಆರಿಸಬೇಕಿಲ್ಲದ ಯುವಕರಿಗೆ ರಾಜಕಾರಣಿಗಳು ಯಾಕೆ ಹೆದರಿಯಾರು?

ಸೆಪ್ಟೆಂಬರ್ 8ನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸರ್ಕಾರ 26 ಸಾಮಾಜಿಕ ಮಾಧ್ಯಮಗಳನ್ನು ನಿಷೇಧಿಸಿದ್ದು ಬೆಂಕಿಗೆ ಕಡ್ಡಿ ಗೀರಿತು ಅಷ್ಟೇ. ನಾಯಕರ ಮಕ್ಕಳ ವಿಲಾಸದ ಚಿತ್ರಗಳನ್ನು ‘ನೆಪೋ ಕಿಡ್ಸ್’ ಹೆಸರಿನಲ್ಲಿ ಹಂಚಿಕೊಳ್ಳುತ್ತಿದ್ದ ಹುಡುಗ ಹುಡುಗಿಯರು ಸಂಸತ್ ಭವನದ ಬಳಿ ಸೇರಿದರು. ಕೆಲವರು ಶಾಲೆ, ಕಾಲೇಜಿನ ಸಮವಸ್ತ್ರದಲ್ಲೇ ಇದ್ದರು. ಪೊಲೀಸರು ಗುಂಡು ಹಾರಿಸಿದರು. ಅಂದು ಒಂದೇ ದಿನ 19 ಮಂದಿ ಸತ್ತರು. ಹಿಂದಿನ ಮೂರು ಸಲ ಗುಂಡು ಹಾರಿಸಿದವರಿಗೆ, ಹಾರಿಸಲು ಹೇಳಿದವರಿಗೆ ಏನೂ ಆಗಿರಲಿಲ್ಲ. ನಾಲ್ಕನೇ ಸಲ ಆದೇಶ ಕೊಡುವವರ ಕೈ ಯಾಕೆ ನಡುಗೀತು?

ಮರುದಿನದ ಬಗ್ಗೆಯೂ ನಾವು ಯುವಕರು ಪ್ರಾಮಾಣಿಕವಾಗಿ ಮಾತಾಡಬೇಕು. ಸೆಪ್ಟೆಂಬರ್ 9ರಂದು ಸಂಸತ್ ಭವನ, ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಉರಿದವು. ದೇವುಬಾ ಮತ್ತು ವಿದೇಶಾಂಗ ಸಚಿವೆಯಾಗಿದ್ದ ಅವರ ಪತ್ನಿಯ ಮೇಲೆ ಮನೆಗೇ ನುಗ್ಗಿ ಹಲ್ಲೆ ಮಾಡಲಾಯಿತು. ದೇಶದ ಜೈಲುಗಳಿಂದ 13,000ಕ್ಕೂ ಹೆಚ್ಚು ಕೈದಿಗಳು ಪರಾರಿಯಾದರು. ಠಾಣೆಗಳಿಂದ ಬಂದೂಕುಗಳು ಲೂಟಿಯಾದವು. ಒಟ್ಟು ಸಾವಿನ ಸಂಖ್ಯೆ 70 ದಾಟಿತು, ಅವರಲ್ಲಿ ಪೊಲೀಸರೂ ಇದ್ದರು. ಓಲಿ ರಾಜೀನಾಮೆ ಕೊಟ್ಟರು, ರಾತ್ರಿ ಸೇನೆ ಬೀದಿಗಿಳಿಯಿತು. ಕೆಲವು ದಿನಗಳ ನಂತರ ನ್ಯಾಯಾಧೀಶರು ಟೆಂಟ್ ಹಾಕಿಕೊಂಡು ಕಲಾಪ ನಡೆಸಿದರು. ಕೋರ್ಟಿನಲ್ಲಿ ಸುಟ್ಟುಹೋದ ಕಡತಗಳು ಯಾವ ನಾಯಕನ ಆಸ್ತಿಯೂ ಅಲ್ಲ. ಅವು ಜಮೀನಿಗಾಗಿ, ಜೀವನಾಂಶಕ್ಕಾಗಿ ವರ್ಷಗಳಿಂದ ಅಲೆಯುತ್ತಿದ್ದ ಸಾಮಾನ್ಯರ ಕಡತಗಳು. ಎರಡು ಸಲ ಸಂಸತ್ತನ್ನು ಉಳಿಸಿದ, ಕ್ಷಮಾದಾನವನ್ನು ತಡೆದ ಒಂದೇ ಒಂದು ಮನೆಗೆ ಬೆಂಕಿ ಇಟ್ಟವರು ಯಾರೇ ಆಗಿರಲಿ, ಅವರು ಹುತಾತ್ಮರಾದ ಆ 19 ಮಂದಿಯ ಪರವಾಗಿ ಇಟ್ಟದ್ದಲ್ಲ.

ಸೆಪ್ಟೆಂಬರ್ 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕರ್ಕಿ ಮಧ್ಯಂತರ ಪ್ರಧಾನಿಯಾದರು. ನೇಪಾಳದ ಮೊದಲ ಮಹಿಳಾ ಪ್ರಧಾನಿ ಅವರು. ಸೇನೆ ಅಧಿಕಾರವನ್ನು ತಾನೇ ಇಟ್ಟುಕೊಳ್ಳದೆ ನಾಗರಿಕ ಸರ್ಕಾರಕ್ಕೆ ದಾರಿ ಬಿಟ್ಟಿತು ಎಂಬುದು ಸಣ್ಣ ಮಾತಲ್ಲ. ಸಂಸತ್ತು ವಿಸರ್ಜನೆಯಾಗಿ 2026ರ ಮಾರ್ಚ್ 5ಕ್ಕೆ ಚುನಾವಣೆ ನಿಗದಿಯಾಯಿತು. ಸೆಪ್ಟೆಂಬರ್‌ನ ಘಟನೆಗಳ ತನಿಖೆಗೆ ಮಾಜಿ ನ್ಯಾಯಾಧೀಶ ಗೌರಿ ಬಹಾದ್ದೂರ್ ಕರ್ಕಿ ನೇತೃತ್ವದಲ್ಲಿ ಆಯೋಗವೂ ರಚನೆಯಾಯಿತು. ಅಂದರೆ ನಾಲ್ಕನೆಯ ಹೋರಾಟಕ್ಕೆ ನಾಲ್ಕನೆಯ ಆಯೋಗ.

ನೇಪಾಳದ ಸ್ಥಿರತೆಯನ್ನು ಅಳೆಯಲು ನಾನು ಈ ಆಯೋಗದ ವರದಿಯನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಯಾರು ಪ್ರಧಾನಿಯಾಗುತ್ತಾರೆ, ಎಷ್ಟು ಸೀಟು ಗೆಲ್ಲುತ್ತಾರೆ ಎಂಬ ಲೆಕ್ಕ ಆಮೇಲಿನದು. ಆ ವರದಿ ಪೂರ್ತಿಯಾಗಿ ಜನರ ಕೈಗೆ ಸಿಗಬೇಕು. 8ರಂದು ಗುಂಡು ಹಾರಿಸಲು ಹೇಳಿದವರು, 9ರಂದು ಬೆಂಕಿ ಹಚ್ಚಿದವರು ಇಬ್ಬರೂ ಒಂದೇ ಕಾನೂನಿನ ಮುಂದೆ ನಿಲ್ಲಬೇಕು. ಬರೀ ಪೊಲೀಸರನ್ನು ಹಿಡಿದರೆ ನಾಳೆ ಬೀದಿಯಲ್ಲಿ ಪೊಲೀಸರೇ ಇರುವುದಿಲ್ಲ. ಬರೀ ಹುಡುಗರನ್ನು ಹಿಡಿದರೆ ನಾಳೆ ಮತ್ತೆ ಗುಂಡು ಹಾರುತ್ತದೆ. ಲೂಟಿಯಾದ ಬಂದೂಕು ವಾಪಸ್ ಬರಬೇಕು, ಗುಂಪು ನಿಯಂತ್ರಿಸಲು ಗುಂಡನ್ನೇ ನೆಚ್ಚದ ಪೊಲೀಸ್ ಪಡೆ ಬೇಕು, ಭದ್ರತೆಗೆಂದು ಬಂದ ಸೇನೆ ಬ್ಯಾರಕ್‌ಗೆ ಮರಳಬೇಕು. ಯುದ್ಧಕಾಲದ ಅರವತ್ತು ಸಾವಿರ ದೂರುಗಳ ಕಡತವೂ ಇದರ ಜೊತೆಗೇ ತೆರೆಯಬೇಕು.

ಇದರಿಂದ ನಮಗೇನು ಎಂದು ಕೇಳುವವರಿರಬಹುದು. 1,700 ಕಿ.ಮೀ.ಗೂ ಉದ್ದದ ತೆರೆದ ಗಡಿ ನಮ್ಮದು. ಅಲ್ಲಿ ನೆಮ್ಮದಿ ಕೆಟ್ಟರೆ ಬಿಹಾರ, ಉತ್ತರ ಪ್ರದೇಶಗಳಿಗೂ ಅದರ ಬಿಸಿ ತಟ್ಟುತ್ತದೆ, ಬೆಂಗಳೂರಿನ ಗೇಟಿನ ಬಳಿ ಕೋಲು ಹಿಡಿದು ನಿಂತವರಿಗೂ ತಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವೂ ಆಯೋಗಗಳ ದೇಶದವರೇ. ಯಾವುದೇ ದುರಂತ ನಡೆದರೂ ನಾಲ್ಕು ದಿನ ಹ್ಯಾಷ್‌ಟ್ಯಾಗ್, ಐದನೇ ದಿನ ತನಿಖಾ ಆಯೋಗ, ಆರನೇ ದಿನ ಎಲ್ಲರಿಗೂ ಮರೆವು. ಬೀದಿಗಿಳಿದು ಘೋಷಣೆ ಕೂಗುವಷ್ಟೇ ಕಾವಿನಲ್ಲಿ ಒಂದು ವರದಿಯ ಬೆನ್ನು ಹತ್ತುವುದು ನಮ್ಮ ಪೀಳಿಗೆಗೆ ಇನ್ನೂ ರೂಢಿಯಾಗಬೇಕಿದೆ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದರಲ್ಲಿ ರೀಲ್ಸ್‌ನ ರೋಮಾಂಚನ ಇಲ್ಲ, ಒಪ್ಪುತ್ತೇನೆ. ಅದಕ್ಕೆ ಲೈಕ್ ಕೂಡ ಬೀಳುವುದಿಲ್ಲ.

ಸರ್ಕಾರ ಉರುಳಿಸಲು ನೇಪಾಳದ ನನ್ನ ವಯಸ್ಸಿನವರಿಗೆ ಎರಡು ದಿನ ಸಾಕಾಯಿತು. ಈಗ ಅವರ ಮುಂದಿರುವುದು ಎಷ್ಟೋ ವರ್ಷ ಹಿಡಿಯುವ, ಕ್ಯಾಮೆರಾಗಳಿಲ್ಲದ ಕೆಲಸ. ಮತ ಕೇಳಲು ಬರುವ ಪ್ರತಿಯೊಬ್ಬನನ್ನೂ ಅವರು ಒಂದೇ ಪ್ರಶ್ನೆ ಕೇಳಲಿ: ‘ಗೆದ್ದರೆ ವರದಿಯನ್ನು ಎಂದು ತೆರೆಯುತ್ತೀರಿ, ತಾರೀಖು ಹೇಳಿ.’ ಉತ್ತರದಲ್ಲಿ ತಾರೀಖು ಇಲ್ಲದಿದ್ದರೆ ಐದನೆಯ ಆಯೋಗಕ್ಕೂ ಈಗಲೇ ಕಪಾಟು ಸಿದ್ಧವಾಗಿದೆ ಎಂದೇ ಅರ್ಥ.